ಎರಡನೇ ಬಾಗಿಲು

ಏಷ್ಯಾದ ಫುಟ್‌ಬಾಲ್ ಕ್ಲಬ್ ಟೂರ್ನಿಗಳ ಡ್ರಾ ಹೊರಬಿದ್ದ ಕೂಡಲೇ ಗೆಳೆಯರೆಲ್ಲ ಎದುರಾಳಿ ತಂಡದ ಸ್ಟ್ರೈಕರ್ ಯಾರು, ಕೋಚ್ ಯಾರು ಎಂದು ಹುಡುಕಲು ಕೂರುತ್ತಾರೆ. ನಾನು ನಕಾಶೆ ಬಿಚ್ಚುತ್ತೇನೆ. ಆ ಊರಿಗೆ ಎಷ್ಟು ಬಾಗಿಲು? ವಿಮಾನ ಕೈಕೊಟ್ಟರೆ ರಸ್ತೆ ಉಂಟೋ, ರೈಲು ಉಂಟೋ, ಪಕ್ಕದ ದೇಶದಲ್ಲಿ ಇಳಿದು ಹೋಗಬಹುದೋ? ಹೊರದೇಶದ ಪಂದ್ಯಕ್ಕೆ ಹೊರಡುವವರು ಮೊದಲು ಕೇಳಬೇಕಾದ್ದು ಇದನ್ನೇ. ಟಿಕೆಟ್ ದರ, ಹೋಟೆಲು ಎಲ್ಲ ಆಮೇಲೆ.

2016ರ ಎಎಫ್‌ಸಿ ಕಪ್ ಸೆಮಿಫೈನಲ್‌ಗೆ ಬೆಂಗಳೂರು ಎಫ್‌ಸಿ ಹೋದ ಮಲೇಷ್ಯಾದ ಜೊಹೊರ್ ಬಾರು, ಅಭಿಮಾನಿಗಳಿಗೆಂದೇ ಹೇಳಿ ಮಾಡಿಸಿದ ಊರು. ಸೆನಾಯ್‌ನಲ್ಲಿ ಅದಕ್ಕೆ ಸ್ವಂತ ವಿಮಾನ ನಿಲ್ದಾಣವಿದೆ. ಅಲ್ಲಿಗೆ ವಿಮಾನ ಸಿಗದಿದ್ದರೆ ಕ್ವಾಲಾಲಂಪುರದಲ್ಲಿ ಇಳಿದು ಬಸ್ ಹತ್ತಬಹುದು. ಬಸ್ಸು ನಿಲ್ಲುವ ಲಾರ್ಕಿನ್‌ನಲ್ಲೇ ಪಂದ್ಯದ ಕ್ರೀಡಾಂಗಣವೂ ಇತ್ತು. ಅದೂ ಆಗದಿದ್ದರೆ ಸಿಂಗಪುರ. ಅಲ್ಲಿಂದ ಕಡಲಿನ ಮೇಲಿನ ಕಾಸ್‌ವೇ ದಾಟಿದರೆ ಎದುರಿಗೇ ಜೊಹೊರ್. ಯುಜೆನ್ಸನ್ ಲಿಂಗ್ಡೊ ಗೋಲಿನಿಂದ ಅಲ್ಲಿ 1-1 ಮಾಡಿಕೊಂಡು ಬಂದ ತಂಡ, ಅಕ್ಟೋಬರ್‌ನಲ್ಲಿ ಕಂಠೀರವದಲ್ಲಿ 3-1ರಿಂದ ಗೆದ್ದಿತು. ಚೆಟ್ರಿ ಎರಡು, ಹುವಾನನ್ ಒಂದು. ಭಾರತದ ಕ್ಲಬ್ಬೊಂದು ಆ ಕಪ್‌ನ ಫೈನಲ್ ತಲುಪಿದ್ದು ಅದೇ ಮೊದಲು.

ಬಾಗಿಲು ನಕಾಶೆಯಲ್ಲಿದ್ದರಷ್ಟೇ ಸಾಲದು, ಅದನ್ನು ತೆರೆಯಲು ವೀಸಾ ಬೇಕು. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನಗಳ ವೀಸಾ ವಿನಾಯಿತಿ ಕೊಟ್ಟಿತು. ಸಿಂಗಪುರಕ್ಕೆ ಹಾಗಲ್ಲ, ಮೊದಲೇ ಪಡೆದಿರಬೇಕು. ಜೊಹೊರ್‌ಗೆ ಹೊರಟವರು ಸಿಂಗಪುರದಲ್ಲಿ ಇಳಿಯುವ ಯೋಚನೆಯೇ ಇಲ್ಲದಿದ್ದರೂ ಆ ವೀಸಾ ಮಾಡಿಸಿಕೊಳ್ಳಿ ಎನ್ನುತ್ತೇನೆ. ಪಂದ್ಯದ ಹಿಂದಿನ ದಿನ ವಿಮಾನ ರದ್ದಾದ ಮೇಲೆ ಅರ್ಜಿ ತುಂಬಲು ಕೂತರೆ ಆಗುವ ಕೆಲಸವಲ್ಲ ಅದು.

ಇನ್ನು ನಮ್ಮ ಈಚೆಯ ತುದಿ. ನಮ್ಮೂರಾದ ಮಲೆನಾಡಿನ ಬಾಳೂರಿನವರ ಪಯಣದಲ್ಲಿ ಎಲ್ಲಕ್ಕಿಂತ ನೆಚ್ಚಲಾಗದ ಭಾಗ ಊರಿನಿಂದ ವಿಮಾನ ನಿಲ್ದಾಣದವರೆಗಿನದು. ಕೊಟ್ಟಿಗೆಹಾರಕ್ಕೆ ಬಂದು ಚಾರ್ಮಾಡಿ ಘಾಟಿ ಇಳಿದರೆ ಮಂಗಳೂರಿನ ಬಜ್ಪೆ. ಮೂಡಿಗೆರೆ, ಹಾಸನದ ಮೇಲೆ ಹೋದರೆ ಬೆಂಗಳೂರು. 2019ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಚಾರ್ಮಾಡಿ ವಾರಗಟ್ಟಲೆ ಮುಚ್ಚಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಕಳಸ, ಕುದುರೆಮುಖ, ಕಾರ್ಕಳದ ಮೇಲೆ ಕರಾವಳಿಗೆ ಇಳಿಯುವ ದಾರಿ ಇದೆ. ಆದರೆ ಅದು ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆ, ರಾತ್ರಿ ಪಯಣಕ್ಕೆ ನೆಚ್ಚುವಂಥದ್ದಲ್ಲ. ಬಜ್ಪೆಯದು ಗುಡ್ಡದ ನೆತ್ತಿಯ ರನ್‌ವೇ. ಮಳೆಗಾಲದಲ್ಲಿ ಮೋಡ ಕವಿದರೆ ಬಂದ ವಿಮಾನ ಇಳಿಯದೆ ಬೇರೆ ಊರಿಗೆ ತಿರುಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪಂದ್ಯಗಳಿಗೆ ನಾನು ಕಣ್ಣುಮುಚ್ಚಿ ಬೆಂಗಳೂರನ್ನೇ ಆರಿಸುತ್ತೇನೆ. ಮಳೆಗಾಲ ಮುಗಿಯಿತು ಅನ್ನುವಾಗ ನಮ್ಮ ತೋಟಗಳಲ್ಲಿ ಅರೇಬಿಕಾ ಕಾಫಿ ಹಣ್ಣಾಗುತ್ತದೆ. 2016ರ ಫೈನಲ್ ನವೆಂಬರ್ 5ಕ್ಕೆ, ಕತಾರ್ ವಿಶ್ವಕಪ್ 2022ರ ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ. ಎರಡೂ ಕೊಯ್ಲಿನ ದಿನಗಳೇ. ಆಳುಗಳು ತೋಟದಲ್ಲಿರುವಾಗ, ಕಣದಲ್ಲಿ ಕಾಫಿ ಹರಡಿರುವಾಗ ತೋಟದ ಲೆಕ್ಕ ನೋಡುವ ರೈಟರ ಕೈಗೆ ಎಲ್ಲ ಬಿಟ್ಟು ಹೊರಡುವ ಬೆಳೆಗಾರನಿಗೆ ವಾಪಸಿನ ವಿಮಾನವೂ ಹೋಗುವ ವಿಮಾನದಷ್ಟೇ ಮುಖ್ಯ.

ದೋಹಾದಲ್ಲಿ ನಡೆದ 2016ರ ಆ ಫೈನಲ್‌ನಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲಿನಿಂದ ಇರಾಕ್‌ನ ಏರ್‌ಫೋರ್ಸ್ ಕ್ಲಬ್ ಗೆದ್ದಿತು. ಸೋತ ನೋವು ನನ್ನಲ್ಲಿ ಇನ್ನೂ ಇದೆ. ಹೋಗಿಬರುವ ಲೆಕ್ಕದಲ್ಲೂ ದೋಹಾ ಕಷ್ಟದ ಊರು. ಕತಾರ್‌ಗೆ ನೆಲದ ಗಡಿ ಇರುವುದು ಸೌದಿಯೊಂದಿಗೆ ಮಾತ್ರ. 2017ರ ಜೂನ್‌ನಿಂದ 2021ರ ಜನವರಿವರೆಗೆ ಅದೂ ಮುಚ್ಚಿತ್ತು. 2025ರ ಜೂನ್ 23ರಂದು ಇರಾನ್ ಕ್ಷಿಪಣಿ ದಾಳಿಯ ಹೊತ್ತಿಗೆ ಕತಾರ್ ತನ್ನ ಆಕಾಶವನ್ನೇ ಕೆಲವು ಗಂಟೆ ಮುಚ್ಚಿತು. ದೋಹಾದ ಮೂಲಕ ಯುರೋಪಿಗೆ ಹೊರಟವರೂ ನಡುದಾರಿಯಲ್ಲಿ ಸಿಕ್ಕಿಬಿದ್ದರು. ಪ್ಯಾಂಗ್ಯಾಂಗ್ ಇನ್ನೂ ಬಿಗಿ. 2017ರ ಸೆಪ್ಟೆಂಬರ್ 13ರಂದು ಬೆಂಗಳೂರು ತಂಡ ಅಲ್ಲಿ ಏಪ್ರಿಲ್ 25 ತಂಡದೆದುರು 0-0 ಮಾಡಿಕೊಂಡಿತು. ಎರಡೇ ದಿನಕ್ಕೆ, ಅದೇ ಊರಿನ ವಿಮಾನ ನಿಲ್ದಾಣವಿರುವ ಸುನಾನ್‌ನಿಂದ ಉತ್ತರ ಕೊರಿಯಾ ಕ್ಷಿಪಣಿ ಹಾರಿಸಿತು.

ಯುರೋಪಿನವರ ಭಾಗ್ಯ ನೋಡಿ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿ ವಿಮಾನಗಳನ್ನೆಲ್ಲ ನೆಲಕ್ಕೆ ಕೂರಿಸಿದಾಗ ಬಾರ್ಸಿಲೋನಾ ತಂಡ ಬಸ್ಸಿನಲ್ಲಿ ಹೊರಟು, ಕಾನ್‌ನಲ್ಲಿ ರಾತ್ರಿ ತಂಗಿ, ಸುಮಾರು ಸಾವಿರ ಕಿಲೋಮೀಟರ್ ದಾಟಿ ಮಿಲಾನ್ ಸೇರಿತು. ಇಂಟರ್ ಎದುರು 3-1ರಿಂದ ಸೋತಿತು, ಆದರೆ ಪಂದ್ಯ ತಪ್ಪಲಿಲ್ಲ. ನಮಗೆ ಗಡಿ ದಾಟಿ ಬಸ್ಸಿನಲ್ಲಿ ಹೋಗುವ ಪಂದ್ಯ ಸಿಗುವುದೇ ಅಪರೂಪ. ಹಾಗಾಗಿ ಟಿಕೆಟ್ ಕೊಳ್ಳುವಾಗಲೇ ಬುದ್ಧಿ ಓಡಿಸಬೇಕು.

ದಾರಿಯಲ್ಲಿ ವಿಮಾನ ಬದಲಿಸುವುದಿದ್ದರೆ ಎರಡರ ಟಿಕೆಟ್ಟೂ ಒಂದೇ ಪಿಎನ್‌ಆರ್‌ನಲ್ಲಿರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ದಾರಿ ಮಾಡಿಕೊಡುವ ಹೊಣೆ ಆಗ ಕಂಪನಿಯದು. ಬೇರೆ ಬೇರೆ ಕೊಂಡಿದ್ದರೆ ಎರಡನೆಯವರ ಲೆಕ್ಕದಲ್ಲಿ ನೀವು ಬರಲೇ ಇಲ್ಲದ ಪ್ರಯಾಣಿಕ. ಉಳಿತಾಯಕ್ಕೆಂದು ಬಿಡಿಬಿಡಿಯಾಗಿ ಟಿಕೆಟ್ ಕೊಳ್ಳುವ ಚಾಳಿ ಅಭಿಮಾನಿಗಳಲ್ಲಿ ಹೆಚ್ಚು. ಫೈನಲ್ ಪಂದ್ಯಕ್ಕೆ ಅದು ಖಂಡಿತ ಬೇಡ. ಕಂಪನಿ ತಾನಾಗಿ ವಿಮಾನ ರದ್ದು ಮಾಡಿದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ ಕೇಳುವ ಹಕ್ಕು ನಿಮಗಿದೆ. ಆದರೆ ಆ ಹಣ ವಿಮಾನದ್ದು ಮಾತ್ರ. ಪಂದ್ಯದ ಟಿಕೆಟ್ಟಿಗೂ ಹೋಟೆಲಿಗೂ ಅದು ಬಾರದು. 2025ರ ಡಿಸೆಂಬರ್ ಮೊದಲ ವಾರ ಪೈಲಟ್‌ಗಳ ದುಡಿಮೆ ಅವಧಿಯ ಹೊಸ ನಿಯಮಕ್ಕೆ ಇಂಡಿಗೊ ಸಜ್ಜಾಗದೆ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು. ಅಂಥ ದಿನಗಳಲ್ಲಿ ಬದಲಿ ವಿಮಾನ ಕಾಗದದ ಮೇಲಷ್ಟೇ ಇರುತ್ತದೆ. ಪಂದ್ಯಕ್ಕೆ ಎರಡು ದಿನ ಮೊದಲೇ ಊರು ಸೇರಿರುವುದೊಂದೇ ದಾರಿ. ವಿಮೆಯನ್ನೂ ಗೊಂದಲದ ಸುದ್ದಿ ಹಬ್ಬುವ ಮುನ್ನವೇ ಮಾಡಿಸಿ. ತಿಳಿದಿದ್ದ ಅಪಾಯಕ್ಕೆ ಪರಿಹಾರ ಸಿಗುವುದು ಕಷ್ಟ.

ಕೆಲವೊಮ್ಮೆ ವಿಮಾನ ಹಾರಿದರೂ ಪಂದ್ಯವೇ ಇರುವುದಿಲ್ಲ. 2021ರ ಮೇ ತಿಂಗಳಲ್ಲಿ ಬೆಂಗಳೂರು ತಂಡ ಮಾಲ್ಡೀವ್ಸ್‌ನ ಮಾಲೆಗೆ ಹೋಗಿ ಇಳಿದಿತ್ತು. ಕೋವಿಡ್ ನಿಯಮ ಉಲ್ಲಂಘನೆಯ ಗಲಾಟೆಯಲ್ಲಿ ಆಡದೆ ಮರಳಿತು. ಆ ಪಂದ್ಯ ನಡೆದದ್ದು ಆಗಸ್ಟ್ 15ಕ್ಕೆ, ಜಯೇಶ್ ರಾಣೆ ಗೋಲಿನಿಂದ ಅಲ್ಲಿನ ಈಗಲ್ಸ್ ತಂಡದೆದುರು 1-0 ಗೆಲುವು. 2024ರ ಅಕ್ಟೋಬರ್‌ನಲ್ಲಿ ಮೋಹನ್ ಬಾಗಾನ್ ಸುರಕ್ಷತೆಯ ಕಾರಣಕ್ಕೆ ಇರಾನ್‌ನ ತಬ್ರೀಜ್‌ಗೆ ಹೋಗಲಿಲ್ಲ. ಟೂರ್ನಿಯಿಂದ ಹಿಂದೆ ಸರಿದಂತೆ ಎಂದು ಎಎಫ್‌ಸಿ ತೀರ್ಮಾನಿಸಿತು. ಮರುವರ್ಷ ಅದೇ ದೇಶದ ಇಸ್ಫಹಾನ್‌ಗೂ ಆ ತಂಡ ಹೊರಡಲಿಲ್ಲ. ಆಟಗಾರರ ಜೀವಭಯವನ್ನು ನಾನು ಪ್ರಶ್ನಿಸಲಾರೆ. ಇಂಥ ಊರು ಡ್ರಾದಲ್ಲಿ ಬಂದಾಗ ವೀಸಾ ಅರ್ಜಿ ಹಾಕಿ, ರದ್ದು ಮಾಡಬಹುದಾದ ಕೋಣೆಯೊಂದನ್ನು ಹಿಡಿದಿಟ್ಟು, ತಂಡ ವಿಮಾನ ಹತ್ತಿದ ಸುದ್ದಿ ಬಂದ ಮೇಲೆಯೇ ಟಿಕೆಟ್ಟಿಗೆ ದುಡ್ಡು ಕಟ್ಟುತ್ತೇನೆ. ದರ ಇಮ್ಮಡಿಯಾದರೂ ಸರಿ.