ಟಗರು ಮತ್ತು ಒಂದು ಕಲ್ಲಿನ ಕಥೆ

ಕಳ್ಳಂಬೆಳ್ಳದ ಕಡೆ ಟಗರು ಎಂದರೆ ಮೊದಲು ನೆನಪಾಗುವುದು ಬಕ್ರೀದ್. ಹಬ್ಬ ಹತ್ತಿರವಾಗುತ್ತಿದ್ದಂತೆ ನಾವು ಕುರುಬರ ಹಟ್ಟಿಗಳಿಗೆ ಹೋಗುತ್ತೇವೆ. ಕೊಂಬು ಹಿಡಿದು, ಹಲ್ಲು ನೋಡಿ, ಬೆಲೆಗೆ ಜಗಳವಾಡಿ, ಕೊನೆಗೆ ಅವರ ಮನೆಯಲ್ಲೇ ಕಾಫಿ ಕುಡಿದು ಬರುತ್ತೇವೆ. ಈ ಪದವನ್ನು ಒಬ್ಬ ಪೊಲೀಸ್ ಅಧಿಕಾರಿಯ ಹೆಸರಿಗೆ ಅಂಟಿಸಿ ನಿರ್ದೇಶಕ ಸೂರಿ 2018ರಲ್ಲಿ ಸಿನಿಮಾ ಮಾಡಿದರು. ಆದರೆ ಹೆದ್ದಾರಿ ಬದಿಯ ಚಹಾದಂಗಡಿಗಳಲ್ಲಿ ನಮ್ಮ ಹುಡುಗರ ಬಾಯಲ್ಲಿ ಉಳಿದುಕೊಂಡದ್ದು ಖಳನಾಯಕ ಡಾಲಿ. ಆ ಪಾತ್ರ ಮಾಡಿದ ಧನಂಜಯ ಅವರ ಹೆಸರಿನ ಹಿಂದೆಯೂ ಅದು ಶಾಶ್ವತವಾಗಿ ಸೇರಿಕೊಂಡಿತು.

ನಾವು ಈ ಚಿತ್ರವನ್ನು ಮೆಚ್ಚಿದವರು. ಅದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಕಥೆ ಬರೆಯುವ ನಮ್ಮಂಥವರಿಗೆ 'ಟಗರು' ಕಲಿಸುವುದು ಬಹಳಷ್ಟಿದೆ. ಪೊಲೀಸಿನವನು ಮತ್ತು ರೌಡಿ ಎದುರುಬದುರಾಗುವ ಹಳೆಯ ಕಥೆಯನ್ನೇ ಸೂರಿ ತೆಗೆದುಕೊಂಡಿದ್ದಾರೆ. ಅದನ್ನು ಒಡೆದು, ಹಿಂದಿನದನ್ನು ಮುಂದಕ್ಕೂ ಮುಂದಿನದನ್ನು ಹಿಂದಕ್ಕೂ ಹಾಕಿ ಹೇಳಿದ್ದಾರೆ. ಒಂದು ಸಾವನ್ನು ಮೊದಲು ತೋರಿಸಿ, ಅದರ ಕಾರಣವನ್ನು ಆಮೇಲೆ ಕೊಡುತ್ತಾರೆ. ಆಗ ಪ್ರೇಕ್ಷಕ 'ಮುಂದೇನು' ಎಂಬುದನ್ನು ಬಿಟ್ಟು 'ಇದು ಹೇಗಾಯಿತು' ಎಂದು ಕೇಳತೊಡಗುತ್ತಾನೆ. ಮಹೇಂದ್ರ ಸಿಂಹ ಅವರ ಕ್ಯಾಮೆರಾ, ಚರಣ್ ರಾಜ್ ಅವರ ಸಂಗೀತ, ದೀಪು ಎಸ್. ಕುಮಾರ್ ಅವರ ಸಂಕಲನ ಮೂರೂ ಒಂದೇ ತಾಳಕ್ಕೆ ಕುಣಿಯುತ್ತವೆ. ಮಾಸ್ತಿಯವರ ಸಂಭಾಷಣೆಯಲ್ಲಿ ಬೀದಿಯ ಭಾಷೆಯ ಖಾರವಿದೆ, ಬೀದಿಯ ತಮಾಷೆಯೂ ಇದೆ.

ಇನ್ನೊಂದು ಕಾರಣಕ್ಕೂ ನಾವು ಈ ಚಿತ್ರಕ್ಕೆ ಋಣಿಗಳು. ಕಣ್ಣಿಗೆ ಸುರ್ಮಾ, ಕೊರಳಿಗೆ ಕರ್ಚೀಫು, ಬಾಯಿಗೆ ಹರಕು ಕನ್ನಡ. ಇಷ್ಟಾದರೆ ರೌಡಿ ತಯಾರು ಎಂದು ನಂಬಿದ ಚಿತ್ರಗಳನ್ನು ನೋಡುತ್ತಲೇ ನಾವು ಬೆಳೆದೆವು. ಸೂರಿಯವರ ಡಾಲಿ, ಚಿಟ್ಟೆ, ಕಾಕ್ರೋಚ್‌ಗಳು ಅಡ್ಡಹೆಸರಿನಲ್ಲೇ ಬದುಕುತ್ತಾರೆ, ಅಡ್ಡಹೆಸರಿನಲ್ಲೇ ಸಾಯುತ್ತಾರೆ. ಅವರ ಕೇಡಿಗೆ ಹುಟ್ಟು ಕಾರಣವೆಂದು ಚಿತ್ರ ಹೇಳುವುದಿಲ್ಲ.

ಇಷ್ಟೆಲ್ಲ ಮೆಚ್ಚಿದ ಮೇಲೂ ಒಂದು ಮುಳ್ಳು ಉಳಿದಿದೆ. ಅದನ್ನು ಹೇಳಲು 2007ಕ್ಕೆ ಹಿಂತಿರುಗಬೇಕು.

'ಮುಂಗಾರು ಮಳೆ'ಯಲ್ಲಿ ಕನ್ನಡನಾಡು ನೆನೆಯುತ್ತಿದ್ದ ದಿನಗಳಲ್ಲೇ ಸೂರಿಯವರ ಮೊದಲ ಚಿತ್ರ 'ದುನಿಯಾ' ಬಂತು. ಉರ್ದು ಶಾಲೆಯಲ್ಲಿ ಕಲಿತ ನಮಗೆ ಆ ಪದ ಕಿವಿಗೆ ಬಿದ್ದರೆ ಜೊತೆಯಲ್ಲೇ 'ಆಖಿರತ್' ಎಂಬ ಪದವೂ ಕೇಳಿಸುತ್ತದೆ. ದುನಿಯಾ ಎಂಬುದು ಹತ್ತಿರದ್ದು, ಕೆಳಗಿನದು ಎಂಬ ಅರ್ಥದ ಅರಬ್ಬಿ ಧಾತುವಿನಿಂದ ಬಂದದ್ದು. ಕಲ್ಲು ಕ್ವಾರಿಯಲ್ಲಿ ದುಡಿಯುವ ಶಿವಲಿಂಗು ತನ್ನ ತಾಯಿಯ ಸಮಾಧಿ ಕಟ್ಟಬೇಕೆಂಬ ಒಂದೇ ಆಸೆಯಿಂದ ಬೆಂಗಳೂರಿಗೆ ಬರುತ್ತಾನೆ, ಬಂದು ಭೂಗತ ಲೋಕದ ಕೆಸರಿನಲ್ಲಿ ಹೂತುಹೋಗುತ್ತಾನೆ. ನಮ್ಮ ಶಿರಾದಲ್ಲಿ ಮಲಿಕ್ ರಿಹಾನನ ಗೋರಿಯಿದೆ, 1651ರ ಕಾಲದ್ದು. ಅಧಿಕಾರಿಗೆ ಅಷ್ಟು ಕಲ್ಲು ಸಿಕ್ಕಿತು. ಕಲ್ಲು ಒಡೆಯುವವನ ತಾಯಿಗೆ ಒಂದು ಕಲ್ಲೂ ಸಿಗಲಿಲ್ಲ ಎಂಬುದೇ ಆ ಚಿತ್ರದ ಕಥೆ. ಅಲ್ಲಿಯೂ ರಕ್ತವಿತ್ತು, ಮಚ್ಚು ಇತ್ತು. ಆದರೆ ಪ್ರತಿ ಏಟಿನ ಹಿಂದೆ ಆ ಸಮಾಧಿಯ ಭಾರವಿತ್ತು.

'ಟಗರು' ಚಿತ್ರದಲ್ಲಿ ಕೈಚಳಕ ಹೆಚ್ಚಿದೆ, ಭಾರ ಕಡಿಮೆಯಾಗಿದೆ. ಹೆಣ ಬೀಳುವುದು ತಾಳಕ್ಕೆ ಸರಿಯಾಗಿ. ಬಿದ್ದ ಹೆಣದ ಮನೆಯಲ್ಲಿ ಆ ರಾತ್ರಿ ಏನಾಯಿತು ಎಂದು ನೋಡಲು ಕ್ಯಾಮೆರಾಕ್ಕೆ ಪುರಸೊತ್ತಿಲ್ಲ. ಹಿಂದೊಮ್ಮೆ ಜಗಳವೊಂದರಲ್ಲಿ ಮಚ್ಚಿನೇಟು ತಿಂದು ಸತ್ತ ಹುಡುಗನ ಜನಾಜಾಕ್ಕೆ ನಾವು ಹೋಗಿದ್ದೆವು. ಗುಸ್ಲ್ ಕೊಡುವ ಹಿರಿಯರು ಎಷ್ಟು ನೀರು ಹಾಕಿದರೂ ಕಫನ್ ಮೇಲೆ ಕೆಂಪು ಮೂಡುತ್ತಲೇ ಇತ್ತು. ಥಿಯೇಟರಿನಲ್ಲಿ ಶಿಳ್ಳೆ ಬಿದ್ದಾಗಲೆಲ್ಲ ನಮಗೆ ಆ ಬಟ್ಟೆ ನೆನಪಾಗುತ್ತಿತ್ತು.

ಶಿಳ್ಳೆ ಹೆಚ್ಚು ಬಿದ್ದದ್ದು ಯಾವಾಗ? ಶಿವರಾಜ್‌ಕುಮಾರ್ ಅವರ ಪೊಲೀಸ್ ಅಧಿಕಾರಿ ಕಾನೂನಿನ ಗೆರೆ ದಾಟಿದಾಗ. 2015ರ 'ಕೆಂಡಸಂಪಿಗೆ'ಯಲ್ಲಿ ಇದೇ ಸೂರಿ, ಅಮಾಯಕ ಹುಡುಗನೊಬ್ಬನನ್ನು ಸುಳ್ಳು ಕೇಸಿನಲ್ಲಿ ಸಿಕ್ಕಿಸುವ ಪೊಲೀಸ್ ಅಧಿಕಾರಿಯನ್ನು ತೋರಿಸಿದ್ದರು. ಖಾಕಿಯ ಕೈಗೆ ಪ್ರಶ್ನೆಯಿಲ್ಲದ ಅಧಿಕಾರ ಸಿಕ್ಕರೆ ಏನಾಗುತ್ತದೆಂದು ಬಲ್ಲ ನಿರ್ದೇಶಕ, ಮೂರೇ ವರ್ಷದಲ್ಲಿ ಅದೇ ಕೈಗೆ ನ್ಯಾಯವನ್ನೂ ಒಪ್ಪಿಸಿಬಿಟ್ಟರು. 2019ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ಬಳಿ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಅವರ ಮೇಲೆ ಹೂವು ಸುರಿದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ಪೊಲೀಸರ ಹೇಳಿಕೆಯನ್ನು ನಂಬಲಾಗದೆಂದಿತು. ಆ ಹೂವಿಗೆ ಸಿನಿಮಾ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಥಿಯೇಟರಿನ ಶಿಳ್ಳೆಗೂ ಬೀದಿಯ ಹೂವಿಗೂ ನೆಂಟಸ್ತಿಕೆ ಇದೆ. ಸುಳ್ಳು ಕೇಸಿನ ಭಯ ಗೊತ್ತಿರುವ ಯಾವ ಕೇರಿಗೂ ಇದು ಅರ್ಥವಾಗದ ಮಾತಲ್ಲ.

ಸೂರಿ ಸಾಮಾನ್ಯ ನಿರ್ದೇಶಕರಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. 2020ರ 'ಪಾಪ್‌ಕಾರ್ನ್ ಮಂಕಿ ಟೈಗರ್'ನಲ್ಲಿ ಅವರು ಕಥೆಯನ್ನು ಇನ್ನೂ ಸಣ್ಣ ಚೂರುಗಳಾಗಿ ಒಡೆದರು. ಒಡೆಯುವ ವಿದ್ಯೆ ಅವರಿಗೆ ಪೂರ್ತಿ ಕರಗತವಾಗಿದೆ. ಒಡೆದ ಕಲ್ಲಿನಿಂದ ಏನನ್ನು ಕಟ್ಟಬೇಕೆಂಬುದು ಶಿವಲಿಂಗುವಿಗೆ ಗೊತ್ತಿತ್ತು.

ಮೊನ್ನೆ ಚಹಾದಂಗಡಿಯಲ್ಲಿ ಡಾಲಿಯ ಮಾತುಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದ ಹುಡುಗನಿಗೆ 'ದುನಿಯಾ' ನೋಡಿದ್ದೀಯೇನಪ್ಪ ಎಂದು ಕೇಳಿದೆವು.

"ಇಲ್ಲ ಚಾಚಾ. ಅದರಲ್ಲಿ ಮರ್ಡರ್ ಎಷ್ಟು?"

"ಎಣಿಸಿಲ್ಲ ಬೇಟಾ. ಒಂದು ಸಾವು ಮಾತ್ರ ನೆನಪಿದೆ, ಅವನ ಅಮ್ಮನದು."