ಹೆಸರು, ಗುರುತು, ಸಂಬಂಧ

ಜಾಲದಲ್ಲಿ ಹರಡಿರುವ ಮಾಹಿತಿಯನ್ನು ಯಂತ್ರವೂ ಓದಿ, ಒಂದನ್ನು ಇನ್ನೊಂದರೊಡನೆ ಜೋಡಿಸುವಂತಾಗಬೇಕೆಂಬ ವಿಚಾರವನ್ನು ಟಿಮ್ ಬರ್ನರ್ಸ್-ಲೀ ಮತ್ತು ಸಂಗಡಿಗರು 2001ರಲ್ಲಿ ಪ್ರತಿಪಾದಿಸಿದರು. 2006ರಲ್ಲಿ ಬರ್ನರ್ಸ್-ಲೀ ಅದಕ್ಕೆ ನಾಲ್ಕು ಸೂತ್ರಗಳನ್ನು ವಿಧಿಸಿದರು. ಪ್ರತಿಯೊಂದು ವಸ್ತುವಿಗೂ ಜಾಲದಲ್ಲಿ ತನ್ನದೇ ಆದ ಗುರುತಿರಬೇಕೆಂಬುದು ಅವುಗಳಲ್ಲಿ ಮೊದಲನೆಯದು. ಮುಂಬಯಿ, ಮುಂಬೈ, ಬೊಂಬಾಯಿ ಎಂಬುವು ಕನ್ನಡಿಗರಿಗೆ ಒಂದೇ ಊರು. ಅಕ್ಷರವನ್ನಷ್ಟೇ ಬಲ್ಲ ಯಂತ್ರಕ್ಕೆ ಮೂರು. 2012ರಲ್ಲಿ ಆರಂಭವಾದ ವಿಕಿಡೇಟಾದ ‘ಕ್ಯೂ1156’ ಎಂಬ ಗುರುತು, ಖಾತೆಸಂಖ್ಯೆಯಂತೆ, ಆ ಹೆಸರುಗಳನ್ನೆಲ್ಲ ಒಂದೆಡೆ ಸೇರಿಸಬಲ್ಲದು.

ಈ ಉಪಕಾರ ಅಲ್ಪವಲ್ಲ. ಹಳೆಯ ಸಂಚಿಕೆಗಳಲ್ಲಿ ಚದುರಿರುವ ಮುಂಬಯಿ ಕನ್ನಡ ಬರಹಕ್ಕೆ ಕೊಂಡಿಯಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆಯೇ. ಆದರೆ ತಪ್ಪು ಕೊಂಡಿ ಅದಕ್ಕಿಂತಲೂ ಅಪಾಯಕರ. ‘ಚಿತ್ತಾಲ’ ಎಂಬ ಹೆಸರೊಂದನ್ನೇ ನಂಬಿದರೆ ಕವಿ ಗಂಗಾಧರರ ಕೃತಿ ಅವರ ತಮ್ಮ, ಕಥೆಗಾರ ಯಶವಂತರ ಲೆಕ್ಕಕ್ಕೆ ಸೇರೀತು. ಒಂದು ಕಡೆಯ ತಪ್ಪು ಅದನ್ನು ನೆಚ್ಚಿದ ಎಲ್ಲ ಕಡೆಗೂ ಹಬ್ಬೀತು. ಸರಿಯಾದ ಕೊಂಡಿಗೂ ಮಿತಿಯುಂಟು. ಯಶವಂತರ ‘ಶಿಕಾರಿ’ಗೆ (1979) ‘ಸ್ಥಳ: ಮುಂಬಯಿ’ ಎಂದು ಬರೆದರೆ ಮಾತು ನಿಜ, ಆದರೆ ನಾಗಪ್ಪನ ಭಯ ಅದರಲ್ಲಿ ಬಾರದು.

ಆದಕಾರಣ ಪ್ರತಿ ಹೇಳಿಕೆಯೊಡನೆ ಅದರ ಆಧಾರವನ್ನೂ ದಾಖಲಿಸಬೇಕು. ವಿಕಿಡೇಟಾ ಅದಕ್ಕೆ ಅವಕಾಶವಿತ್ತಿದೆ. ಆಧಾರವನ್ನು ಹುಡುಕಿ ತೂಗಬೇಕಾದವರು ಮಾತ್ರ ಕೃತಿಯನ್ನು ಓದಿದ ಕನ್ನಡಿಗರೇ.