ನೋಡುಗನ ತೀರ್ಪು ಯಾರಿಗಾಗಿ?

ಮನೆಯ ಟಿ.ವಿ.ಗೆ ಅಂತರ್ಜಾಲ ಸೇರಿದ ಮೇಲೆ ನೋಡುವ ಕ್ರಮವೇ ಬದಲಾಗಿದೆ. ಹಿಂದೆ ಕಾರ್ಯಕ್ರಮದ ವೇಳೆಗಾಗಿ ಮನೆಯವರು ಕಾಯುತ್ತಿದ್ದರು. ಈಗ ಸಾವಿರಾರು ಚಿತ್ರಗಳೂ ಧಾರಾವಾಹಿಗಳೂ ಯಾವ ಹೊತ್ತಿಗಾದರೂ ಸಿದ್ಧವಾಗಿರುತ್ತವೆ. ಆಯ್ಕೆ ಹೆಚ್ಚಿದಷ್ಟೂ ಸಲಹೆಯ ಅಗತ್ಯವೂ ಹೆಚ್ಚುತ್ತದೆ. ಯಾವ ಸೇವೆಗೆ ಚಂದಾ ಕಟ್ಟಬೇಕು, ಅದರಲ್ಲಿ ಯಾವುದನ್ನು ನೋಡಬೇಕು, ಮಕ್ಕಳೊಡನೆ ಕುಳಿತು ಯಾವುದನ್ನು ನೋಡಬಹುದು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವವನು ತನಗಿಂತ ಮೊದಲು ನೋಡಿದವರ ಮಾತನ್ನು ಆಶ್ರಯಿಸುತ್ತಾನೆ. ಹೀಗೆ ನೋಡುಗರು ನೋಡುಗರಿಗಾಗಿ ಬರೆಯುವ ವಿಮರ್ಶೆ ಇಂದು ಒಂದು ದೊಡ್ಡ ರಾಶಿಯಾಗಿ ಬೆಳೆದಿದೆ. ಆ ರಾಶಿಯ ಗುಣದೋಷಗಳನ್ನು ಪರಿಶೀಲಿಸುವ ಪ್ರಯತ್ನ ಮಾತ್ರ ನಮ್ಮಲ್ಲಿ ಕಡಿಮೆ. ಈ ಲೇಖನದಲ್ಲಿ ಆ ಪರಿಶೀಲನೆಯನ್ನು ಒಂದು ಪ್ರಶ್ನೆಯ ಮೂಲಕ ನಡೆಸಬಯಸುತ್ತೇನೆ: ನೋಡುಗನು ಕೊಡುವ ತೀರ್ಪು ನಿಜವಾಗಿ ಯಾರನ್ನು ತಲುಪುತ್ತದೆ, ಯಾರ ಉಪಯೋಗಕ್ಕೆ ಬರುತ್ತದೆ?

ಈ ಪ್ರಶ್ನೆಗೆ ನೆಟ್‌ಫ್ಲಿಕ್ಸ್ ಸಂಸ್ಥೆಯ ಇತಿಹಾಸದಷ್ಟು ಸ್ಪಷ್ಟವಾದ ದೃಷ್ಟಾಂತ ಬೇರೊಂದಿಲ್ಲ. 1997ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಮೊದಲು ಅಂಚೆಯ ಮೂಲಕ ಡಿವಿಡಿಗಳನ್ನು ಕಳುಹಿಸುವ ವ್ಯವಹಾರ ನಡೆಸುತ್ತಿತ್ತು. ಅಂತರ್ಜಾಲದಲ್ಲಿ ನೇರವಾಗಿ ಚಿತ್ರ ತೋರಿಸಲು ಆರಂಭಿಸಿದ್ದು 2007ರಲ್ಲಿ. ಭಾರತಕ್ಕೆ ಬಂದದ್ದು 2016ರ ಜನವರಿಯಲ್ಲಿ. ಅಂಚೆಯ ಕಾಲದಿಂದಲೂ ಅದು ಚಂದಾದಾರರಿಂದ ಪ್ರತಿ ಚಿತ್ರಕ್ಕೆ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೇಳುತ್ತಿತ್ತು. ಈ ನಕ್ಷತ್ರಗಳಿಂದ ಒಬ್ಬನಿಗೆ ಮುಂದೆ ಯಾವ ಚಿತ್ರ ಹಿಡಿಸೀತು ಎಂದು ಗಣಕಯಂತ್ರ ಊಹಿಸುತ್ತಿತ್ತು. 2006ರ ಅಕ್ಟೋಬರ್‌ನಲ್ಲಿ ಸಂಸ್ಥೆ ಒಂದು ಸ್ಪರ್ಧೆಯನ್ನು ಸಾರಿತು. ಈ ಊಹೆಯನ್ನು ಶೇ. 10ರಷ್ಟು ಉತ್ತಮಪಡಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ. ಸ್ಪರ್ಧಿಗಳ ಕೈಗೆ ಅದು ಕೊಟ್ಟದ್ದು 4,80,189 ಚಂದಾದಾರರು 17,770 ಚಿತ್ರಗಳಿಗೆ ನೀಡಿದ್ದ 10 ಕೋಟಿಗೂ ಮಿಕ್ಕಿದ ನಕ್ಷತ್ರಾಂಕಗಳನ್ನು.

2009ರಲ್ಲಿ ಒಂದು ತಂಡ ಬಹುಮಾನ ಪಡೆಯಿತು. ಸರಿಸಮನಾದ ಫಲಿತಾಂಶ ತಂದ ಮತ್ತೊಂದು ತಂಡ ಸುಮಾರು 20 ನಿಮಿಷ ತಡವಾದುದರಿಂದ ಸೋತಿತು. ಆದರೆ ಗೆದ್ದ ಆ ಲೆಕ್ಕಾಚಾರವನ್ನು ಸಂಸ್ಥೆ ಪೂರ್ಣವಾಗಿ ಬಳಕೆಗೆ ತರಲೇ ಇಲ್ಲ. ಸ್ಪರ್ಧೆಯ ಆರಂಭದ ಹಂತಗಳಲ್ಲಿ ದೊರೆತ ಕೆಲವು ವಿಧಾನಗಳು ಉಪಯೋಗಕ್ಕೆ ಬಂದವು; ಕೊನೆಯದನ್ನು ಅಳವಡಿಸುವ ಶ್ರಮಕ್ಕೆ ತಕ್ಕ ಲಾಭವಿಲ್ಲವೆಂದು 2012ರಲ್ಲಿ ಸಂಸ್ಥೆಯ ತಂತ್ರಜ್ಞರೇ ತಿಳಿಸಿದರು. ಅಷ್ಟರಲ್ಲಿ ವ್ಯವಹಾರದ ಸ್ವರೂಪವೂ ಬದಲಾಗಿತ್ತು. ಡಿವಿಡಿ ಮನೆಗೆ ಹೋದ ಮೇಲೆ ಅದನ್ನು ನೋಡಿದರೋ ಇಲ್ಲವೋ ಎಂಬುದು ಅಂಗಡಿಯವನಿಗೆ ತಿಳಿಯುತ್ತಿರಲಿಲ್ಲ, ಆದುದರಿಂದ ಕೇಳಬೇಕಾಗಿತ್ತು. ಅಂತರ್ಜಾಲದಲ್ಲಿ ಯಾರು ಎಷ್ಟು ನಿಮಿಷ ನೋಡಿದರು, ಎಲ್ಲಿ ನಿಲ್ಲಿಸಿದರು ಎಂಬುದು ತಾನಾಗಿಯೇ ದಾಖಲಾಗುತ್ತದೆ. ಕೇಳುವ ಅಗತ್ಯ ಕಡಿಮೆಯಾಯಿತು. 2017ರಲ್ಲಿ ನಕ್ಷತ್ರಗಳು ಹೋಗಿ ಹೆಬ್ಬೆರಳಿನ ಗುರುತುಗಳು ಬಂದವು. 2018ರಲ್ಲಿ ಚಂದಾದಾರರು ಬರೆದಿದ್ದ ವಿಮರ್ಶೆಗಳನ್ನೇ ತೆಗೆದುಹಾಕಲಾಯಿತು.

ಈ ಬದಲಾವಣೆಗೆ ಸಂಸ್ಥೆಯವರು ಕೊಟ್ಟ ಒಂದು ಕಾರಣ ನಮ್ಮ ವಿಚಾರಕ್ಕೆ ಯೋಗ್ಯವಾಗಿದೆ. ಜನರು ಗಂಭೀರ ಸಾಕ್ಷ್ಯಚಿತ್ರಕ್ಕೆ ಐದು ನಕ್ಷತ್ರ ಕೊಡುತ್ತಾರೆ. ಆದರೆ ಸಂಜೆ ಕುಳಿತು ನೋಡುವುದು ಹಗುರವಾದ ಹಾಸ್ಯಚಿತ್ರವನ್ನು. ಆದುದರಿಂದ ಅವರ ಮಾತಿಗಿಂತ ಅವರ ನಡತೆಯೇ ಅವರ ನಿಜವಾದ ಅಭಿರುಚಿ ಎಂಬುದು ಇದರ ತಾತ್ಪರ್ಯ. ವ್ಯಾಪಾರಿಯ ದೃಷ್ಟಿಯಿಂದ ಈ ವಾದ ಸರಿಯಾಗಿರಬಹುದು. ವಿಮರ್ಶೆಯ ದೃಷ್ಟಿಯಿಂದ ಇದನ್ನು ಒಪ್ಪಲಾಗದು. ದಣಿದು ಮನೆಗೆ ಬಂದವನು ಹಗುರವಾದುದನ್ನು ನೋಡಿದ ಮಾತ್ರಕ್ಕೆ ಅವನು ಗಂಭೀರ ಕೃತಿಗೆ ತೋರಿದ ಗೌರವ ಸುಳ್ಳಾಗುವುದಿಲ್ಲ. ನಾನು ಮಾಡುವುದಕ್ಕಿಂತ ಉತ್ತಮವಾದುದು ಒಂದಿದೆ ಎಂದು ಗುರುತಿಸುವ ಶಕ್ತಿ ಮನುಷ್ಯನ ವಿವೇಕದ ಲಕ್ಷಣ. ಅವನ ತೀರ್ಪನ್ನು ಬದಿಗೊತ್ತಿ ಅವನ ಅಭ್ಯಾಸವನ್ನು ಮಾತ್ರ ಎಣಿಸಿದರೆ, ಅಭ್ಯಾಸಕ್ಕೆ ಒದಗುವ ಸರಕು ಬೆಳೆಯುತ್ತದೆ. ವಿವೇಕಕ್ಕೆ ಒದಗುವುದು ಮೂಲೆ ಸೇರುತ್ತದೆ. ಆ ಸಂಸ್ಥೆಗೆ ಕೊಟ್ಟ ನಕ್ಷತ್ರ ಮುಖ್ಯವಾಗಿ ಕೊಟ್ಟವನ ಸ್ವಭಾವವನ್ನು ಮಾರಾಟಗಾರನಿಗೆ ತಿಳಿಸುತ್ತಿತ್ತು. ಬರೆದ ವಿಮರ್ಶೆಯಾದರೋ ಕೃತಿಯನ್ನು ಕುರಿತು ಇನ್ನೊಬ್ಬ ನೋಡುಗನಿಗೆ ಹೇಳಿದ ಮಾತಾಗಿತ್ತು. ಅಳಿದದ್ದು ಈ ಎರಡನೆಯದು.

ನಕ್ಷತ್ರಾಂಕವು ಕೊಟ್ಟವನನ್ನೇ ಬಯಲುಮಾಡುತ್ತದೆ ಎಂಬುದಕ್ಕೆ ಅದೇ ಸ್ಪರ್ಧೆಯಿಂದ ಮತ್ತೊಂದು ನಿದರ್ಶನ ದೊರೆಯುತ್ತದೆ. ಸಂಸ್ಥೆ ಚಂದಾದಾರರ ಹೆಸರುಗಳನ್ನು ಅಳಿಸಿಯೇ ಆ ದಾಖಲೆಗಳನ್ನು ಬಿಡುಗಡೆ ಮಾಡಿತ್ತು. ಆದರೂ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರಾದ ಅರವಿಂದ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ ಅವರು, ಐಎಂಡಿಬಿ ತಾಣದಲ್ಲಿ ಬಹಿರಂಗವಾಗಿ ನೀಡಿದ ಅಂಕಗಳೊಡನೆ ಅವುಗಳನ್ನು ಹೋಲಿಸಿ, ಕೆಲವರನ್ನು ಗುರುತಿಸಬಹುದೆಂದು ತೋರಿಸಿಕೊಟ್ಟರು. ಒಬ್ಬನು ನೋಡಿದ ಚಿತ್ರಗಳ ಪಟ್ಟಿಯಿಂದ ಅವನ ರಾಜಕೀಯ ಒಲವು, ಧಾರ್ಮಿಕ ನಿಲುವು, ಖಾಸಗಿ ಬದುಕು ಊಹೆಗೆ ಸಿಗುತ್ತವೆ. ಮೊಕದ್ದಮೆಯೂ ಅಮೆರಿಕದ ಸರಕಾರಿ ಆಯೋಗದ ಆಕ್ಷೇಪವೂ ಬಂದ ಮೇಲೆ, ಸಂಸ್ಥೆ 2010ರಲ್ಲಿ ತನ್ನ ಎರಡನೆಯ ಸ್ಪರ್ಧೆಯನ್ನು ಕೈಬಿಟ್ಟಿತು. ಅಭಿಪ್ರಾಯ ಹೇಳುವವನು ತನ್ನ ಮಾತಿಗೆ ಹೊಣೆಯಾಗಬೇಕು, ನಿಜ. ಆದರೆ ತಾನು ನೋಡಿದ್ದೆಲ್ಲವನ್ನೂ ಒಪ್ಪಿಸಬೇಕೆಂಬ ನಿಯಮ ಎಲ್ಲಿಯೂ ಇರಬಾರದು.

ಸೇವಾಸಂಸ್ಥೆಗಳ ಹೊರಗೆ ನಿಂತ ವಿಮರ್ಶೆಯ ಸ್ಥಿತಿಯಾದರೂ ಹೇಗಿದೆ? ಈಗ ಹೇಳಿದ ಐಎಂಡಿಬಿ 1990ರಲ್ಲಿ ಇಂಗ್ಲೆಂಡಿನ ಕಾಲ್ ನೀಡಮ್ ಅವರ ಆಸಕ್ತಿಯಿಂದ, ಚಿತ್ರಪ್ರೇಮಿಗಳು ಸಂಬಳವಿಲ್ಲದೆ ಕೂಡಿಸಿದ ಪಟ್ಟಿಗಳಿಂದ ಹುಟ್ಟಿದ್ದು. 1998ರಲ್ಲಿ ಅದನ್ನು ಅಮೆಜಾನ್ ಕೊಂಡುಕೊಂಡಿತು. ಮುಂದೆ ಅದೇ ಅಮೆಜಾನ್ ಪ್ರೈಮ್ ವಿಡಿಯೋ ಸೇವೆಯನ್ನೂ ನಡೆಸತೊಡಗಿತು. ತೂಗುವವನೂ ಮಾರುವವನೂ ಒಬ್ಬನೇ ಆದಾಗ ತಕ್ಕಡಿ ಸರಿಯಾಗಿಯೇ ಇದ್ದರೂ ಕೊಳ್ಳುವವನು ಒಮ್ಮೆ ಅದನ್ನು ನೋಡಿಕೊಳ್ಳುವುದು ಸಹಜ. 2017ರಲ್ಲಿ ಆ ತಾಣದ ಚರ್ಚಾವಿಭಾಗ ಮುಚ್ಚಿತು. ಅಂಕಗಳು ಉಳಿದವು, ಸಂವಾದ ಹೋಯಿತು. 1998ರಲ್ಲಿ ಆರಂಭವಾದ ರಾಟನ್ ಟೊಮ್ಯಾಟೋಸ್ ತಾಣದ ಶೇಕಡಾ ಅಂಕವನ್ನು ಅನೇಕರು ಅಂಕಪಟ್ಟಿಯಂತೆ ಓದುತ್ತಾರೆ. ಅದು ಮೆಚ್ಚಿದ ವಿಮರ್ಶಕರ ಪ್ರಮಾಣವನ್ನಷ್ಟೇ ಹೇಳುತ್ತದೆ, ಮೆಚ್ಚಿಕೆಯ ಮಟ್ಟವನ್ನು ಹೇಳುವುದಿಲ್ಲ. ನೂರು ಮಂದಿಯೂ ‘ಪರವಾಗಿಲ್ಲ, ನೋಡಬಹುದು’ ಎಂದರೆ ಅಂಕ ನೂರಕ್ಕೆ ನೂರು. ಮೂವತ್ತು ಮಂದಿ ತಿರಸ್ಕರಿಸಿ ಎಪ್ಪತ್ತು ಮಂದಿ ‘ಈ ದಶಕದ ಶ್ರೇಷ್ಠ ಕೃತಿ’ ಎಂದರೆ ಅಂಕ ಕೇವಲ ಎಪ್ಪತ್ತು.

ಗುಂಪು ಕಟ್ಟಿಕೊಂಡು ಬಂದು ಅಂಕ ಇಳಿಸುವ ರೋಗ ಇನ್ನೊಂದು. 2019ರಲ್ಲಿ ‘ಕ್ಯಾಪ್ಟನ್ ಮಾರ್ವೆಲ್’ ಚಿತ್ರ ಬಿಡುಗಡೆಯಾಗುವ ಮೊದಲೇ, ಎಂದರೆ ಯಾರೂ ಅದನ್ನು ನೋಡುವ ಮೊದಲೇ, ಪ್ರತಿಕೂಲ ಅಭಿಪ್ರಾಯಗಳು ಸುರಿದವು. ಬಿಡುಗಡೆಗೆ ಮುನ್ನ ಅಭಿಪ್ರಾಯ ಬರೆಯುವ ಅವಕಾಶವನ್ನೇ ರಾಟನ್ ಟೊಮ್ಯಾಟೋಸ್ ನಿಲ್ಲಿಸಿತು. 2022ರಲ್ಲಿ ‘ದಿ ರಿಂಗ್ಸ್ ಆಫ್ ಪವರ್’ ಧಾರಾವಾಹಿಯ ವಿಮರ್ಶೆಗಳನ್ನು ಅಮೆಜಾನ್ 72 ಗಂಟೆಗಳ ಕಾಲ ತಡೆಹಿಡಿಯಿತು. ದಾಳಿಯನ್ನು ತಡೆಯುವುದು ನ್ಯಾಯವೇ. ಆದರೆ ನಿರ್ಮಾಪಕನೇ ವಿಮರ್ಶೆಯ ಬಾಗಿಲು ಕಾಯುವಾಗ, ದ್ವೇಷದ ಮಾತಿನೊಡನೆ ನ್ಯಾಯವಾದ ಟೀಕೆಯೂ ಹೊರಗೆ ನಿಂತಿತೇ ಎಂಬ ಸಂಶಯಕ್ಕೆ ಪರಿಹಾರವಿರುವುದಿಲ್ಲ.

ಮೂರನೆಯ ರೋಗ ಹಣ ಪಡೆದು ಬರೆಯುವುದು. ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ಅಂತರ್ಜಾಲದ ಗ್ರಾಹಕ ವಿಮರ್ಶೆಗಳಿಗಾಗಿಯೇ ಐಎಸ್ 19000 ಎಂಬ ಮಾನಕವನ್ನು ಪ್ರಕಟಿಸಿತು. ಬರೆದವನು ನಿಜವಾದ ವ್ಯಕ್ತಿಯೇ ಎಂದು ಪರಿಶೀಲಿಸುವುದು, ಹಣಕ್ಕಾಗಿ ಬರೆದುದನ್ನು ದೂರವಿಡುವುದು ಮೊದಲಾದ ಸೂಚನೆಗಳು ಅದರಲ್ಲಿವೆ. ಪಾಲನೆ ಸ್ವಯಂಪ್ರೇರಣೆಗೆ ಬಿಟ್ಟದ್ದಾಗಿ ಅದು ಹೊರಬಂದಿತು. ಅಮೆರಿಕವು 2024ರಲ್ಲಿ ಹುಸಿ ವಿಮರ್ಶೆಗಳನ್ನು ಕೊಳ್ಳುವುದನ್ನೂ ಮಾರುವುದನ್ನೂ ನಿಯಮ ಮಾಡಿ ನಿಷೇಧಿಸಿತು. ಸುಳ್ಳು ಬರಹವನ್ನು ಸಿದ್ಧಪಡಿಸುವುದನ್ನು ‘ಕೂಟಲೇಖಕ್ರಿಯೆ’ ಎಂದು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಈ ಪತ್ರಿಕೆಯ ಓದುಗರಿಗೆ ತಿಳಿದದ್ದೇ. ನೋಡದ ಚಿತ್ರಕ್ಕೆ ಹಣ ಪಡೆದು ಬರೆದ ಹೊಗಳಿಕೆಯನ್ನು ಆ ಹೆಸರಿನಿಂದ ಕರೆಯಲು ಸಂಕೋಚ ಬೇಕಿಲ್ಲ.

ಇದುವರೆಗೆ ಹೇಳಿದ್ದು ಚಿತ್ರಗಳ ವಿಮರ್ಶೆಯ ಮಾತಾಯಿತು. ಆದರೆ ಕುಟುಂಬವೊಂದು ಚಂದಾ ಕಟ್ಟುವುದು ಒಂದು ಚಿತ್ರಕ್ಕಲ್ಲ, ಸೇವೆಗೆ. ಆ ಸೇವೆಯ ವಿಮರ್ಶೆ ಎಲ್ಲಿದೆ? ಬೆಲೆ, ಜಾಹೀರಾತು, ಚಂದಾ ನಿಲ್ಲಿಸುವ ಬಗೆ, ಮಕ್ಕಳ ರಕ್ಷಣೆ, ಭಾಷೆಗಳ ಸ್ಥಾನ ಇವೆಲ್ಲವೂ ವಿಮರ್ಶೆಯ ವಸ್ತುಗಳೇ. 2025ರ ಜೂನ್ 17ರಿಂದ ಪ್ರೈಮ್ ವಿಡಿಯೋ ಭಾರತದಲ್ಲಿ ಚಿತ್ರಗಳ ನಡುವೆ ಜಾಹೀರಾತುಗಳನ್ನು ತೋರಿಸತೊಡಗಿತು. ಅವು ಬೇಡವೆನ್ನುವವರು ವರ್ಷಕ್ಕೆ 699 ರೂಪಾಯಿ ಹೆಚ್ಚಿಗೆ ಕೊಡಬೇಕೆಂದು ಸಾರಿತು. ಒಂದು ನಿಬಂಧನೆಯನ್ನು ನಂಬಿ ವರ್ಷದ ಹಣ ಕಟ್ಟಿದವನಿಗೆ ನಡುವೆ ನಿಬಂಧನೆ ಬದಲಾದರೆ ಅದು ನ್ಯಾಯವೇ ಎಂಬ ಪ್ರಶ್ನೆಗೆ ಯಾವ ನಕ್ಷತ್ರದಲ್ಲಿಯೂ ಜಾಗವಿಲ್ಲ. ಚಂದಾಕ್ಕೆ ಸೇರಿಸಿಕೊಳ್ಳುವುದು ಸುಲಭ, ಬಿಡುಗಡೆ ಕಷ್ಟ ಎಂಬಂಥ ಏರ್ಪಾಟನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಸರಕಾರದ ಗ್ರಾಹಕ ರಕ್ಷಣಾ ಮಾರ್ಗಸೂಚಿ ಮೋಸದ ವಿನ್ಯಾಸಗಳ 13 ಬಗೆಗಳಲ್ಲಿ ಒಂದೆಂದು ಗುರುತಿಸಿದೆ. ಯಾವ ಸೇವೆ ಹೀಗೆ ನಡೆದುಕೊಳ್ಳುತ್ತದೆ ಎಂದು ಹೇಳಬಲ್ಲವರು ಅದನ್ನು ಬಿಡಲು ಯತ್ನಿಸಿದ ಚಂದಾದಾರರೇ.

ವಯೋಮಾನದ ಸೂಚನೆಗಳ ವಿಷಯವೂ ಹಾಗೆಯೇ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಪ್ರತಿ ಕಾರ್ಯಕ್ರಮಕ್ಕೂ ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂಬ ವರ್ಗ ನಮೂದಾಗಬೇಕು. 13+ ಮತ್ತು ಅದರ ಮೇಲಿನವುಗಳಿಗೆ ತಂದೆತಾಯಿಗಳು ಬೀಗ ಹಾಕುವ ಸೌಲಭ್ಯವಿರಬೇಕು. ಈ ವರ್ಗಗಳನ್ನು ನಿಶ್ಚಯಿಸುವವರು ಸೇವೆಯವರೇ. ನಿಶ್ಚಯ ಸರಿಯೇ ಎಂದು ಹೊರಗಿನಿಂದ ಸಾಕ್ಷಿ ನುಡಿಯಬೇಕಾದವರು ಮನೆಯವರು. ‘ಮಕ್ಕಳಿಗೆ ಯೋಗ್ಯವಲ್ಲ’ ಎಂಬ ಒಂದು ಸಾಲಿನ ಖಂಡನೆಯಿಂದ ಆ ಕಾರ್ಯವಾಗದು. ಎಷ್ಟನೆಯ ಕಂತಿನಲ್ಲಿ ಎಂಥ ಹಿಂಸೆ ಅಥವಾ ಎಂಥ ಮಾತು ಬರುತ್ತದೆ, ಕಥೆ ಅದನ್ನು ಮೆರೆಸುತ್ತದೆಯೋ ಅದರ ನೋವನ್ನು ತೋರಿಸುತ್ತದೆಯೋ ಎಂದು ಬರೆದರೆ ಇನ್ನೊಂದು ಮನೆಯ ತಾಯಿ ತನ್ನ ನಿರ್ಧಾರವನ್ನು ತಾನೇ ಕೈಗೊಳ್ಳುವಳು.

ಕನ್ನಡಿಗರಿಗೆ ಸಂಬಂಧಿಸಿದ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಕರಾವಳಿಯ ಬದುಕನ್ನು ಕುರಿತ ‘ಏಕಂ’ ಎಂಬ ಏಳು ಕಥೆಗಳ ಕನ್ನಡ ಸರಣಿ ಸಿದ್ಧವಾಗಿದ್ದರೂ ದೊಡ್ಡ ಸೇವೆಗಳು ಅದನ್ನು ಕೊಳ್ಳಲಿಲ್ಲ. ನಟ ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆಯ ಬೆಂಬಲವಿದ್ದ ಆ ಸರಣಿಯನ್ನು ಅದರ ನಿರ್ಮಾತೃಗಳು 2024ರ ಜುಲೈಯಲ್ಲಿ ತಮ್ಮದೇ ತಾಣದ ಮೂಲಕ ಪ್ರೇಕ್ಷಕರಿಗೆ ತಲುಪಿಸಬೇಕಾಯಿತು. ಭಾರತದಲ್ಲಿ 2018ರಿಂದ ನಡೆಯುತ್ತಿರುವ ಜೀ5 ಸೇವೆ ತನ್ನ ಮೊದಲ ಕನ್ನಡ ಸರಣಿ ‘ಅಯ್ಯನ ಮನೆ’ಯನ್ನು ಹೊರತಂದದ್ದು 2025ರಲ್ಲಿ. ಇರುವ ಕೃತಿಗೆ ನಕ್ಷತ್ರ ಕೊಡಬಹುದು. ಇಲ್ಲದಿರುವ ಕೃತಿಗೆ ಕೊಡುವುದು ಹೇಗೆ? ನೋಡಿದ ನಿಮಿಷಗಳನ್ನು ಎಣಿಸುವ ಲೆಕ್ಕದಲ್ಲಿ, ದೊರೆಯದ ಕಾರಣ ನೋಡಲಾಗದವರು ಸೊನ್ನೆಯಾಗಿಯೇ ಉಳಿಯುತ್ತಾರೆ. ಆ ಸೊನ್ನೆಯನ್ನು ತೋರಿಸಿ ‘ಬೇಡಿಕೆ ಇಲ್ಲ’ ಎನ್ನುವುದು ಸುಲಭ. ಇಂಥ ಅಭಾವವನ್ನು ಗುರುತಿಸಿ ನುಡಿಯಲು ಬರೆದ ಮಾತೇ ಬೇಕು.

ಆದುದರಿಂದ ನೋಡುಗರು ಕೂಡಿ ಒಂದು ವಿಮರ್ಶಾಕೂಟ ಕಟ್ಟಬಯಸಿದರೆ ಅದರ ಮೊದಲ ಚಿಂತೆ ಸದಸ್ಯರ ಸಂಖ್ಯೆಯಾಗಿರಬಾರದು. ಪೂರ್ತಿ ನೋಡಿದವರೇ ಬರೆಯಲಿ. ಅರ್ಧಕ್ಕೆ ಬಿಟ್ಟವರು ಎಲ್ಲಿ, ಏಕೆ ಬಿಟ್ಟೆವೆಂದು ತಿಳಿಸಲಿ. ಸೇವೆಯವರಿಂದ ಹಣವನ್ನಾಗಲಿ ಉಚಿತ ಚಂದಾವನ್ನಾಗಲಿ ಪಡೆದಿದ್ದರೆ ಮೊದಲ ಸಾಲಿನಲ್ಲಿಯೇ ಹೇಳಲಿ. ಕೃತಿಯ ದೋಷವನ್ನು ಸೇವೆಯ ಮೇಲೂ ಸೇವೆಯ ದೋಷವನ್ನು ಕೃತಿಯ ಮೇಲೂ ಹೊರಿಸದಿರಲಿ. ಚಿತ್ರ ನಡುನಡುವೆ ನಿಂತರೆ ನಟನೇನು ಮಾಡಿಯಾನು? ನಿಬಂಧನೆ ಬದಲಾದಾಗ ಹಳೆಯ ವಿಮರ್ಶೆಯನ್ನು ತಿದ್ದುವ ಕ್ರಮವಿರಲಿ. ಕಳೆದ ವರ್ಷದ ಬೆಲೆಯನ್ನು ನಂಬಿ ಈ ವರ್ಷ ಹಣ ಕಟ್ಟಿದವನ ನಷ್ಟಕ್ಕೆ ಬರೆದವರೂ ಒಂದಿಷ್ಟು ಹೊಣೆ. ವಿರುದ್ಧ ಅಭಿಪ್ರಾಯವನ್ನು ಕಾರಣಸಹಿತವಾಗಿ ಬರೆದಿದ್ದರೆ ಅಳಿಸದಿರಲಿ.

ಇಷ್ಟೆಲ್ಲಾ ಶ್ರಮವನ್ನು ಯಾರು ಪಡುತ್ತಾರೆ, ಐದು ನಕ್ಷತ್ರ ಒತ್ತುವುದೇ ಸುಲಭವಲ್ಲವೇ ಎಂದು ಕೇಳಬಹುದು. ಸುಲಭವೇ ಸರಿ. ಹತ್ತು ಕೋಟಿ ನಕ್ಷತ್ರಗಳನ್ನು ಒತ್ತಿದವರು ಕೊನೆಗೆ ಪಡೆದುದೇನೆಂಬುದನ್ನು ಮೇಲೆ ನೋಡಿದೆವು. ಹಬ್ಬಕ್ಕೋ ಮದುವೆಗೋ ಕೂಡಿದಾಗ ‘ನಾವು ಇದನ್ನು ನೋಡಿದೆವು, ಮೂರನೆಯ ಕಂತಿನ ಮೇಲೆ ಮಕ್ಕಳನ್ನು ಕೂರಿಸಿಕೊಳ್ಳಬೇಡಿ’ ಎಂದು ನೆಂಟರೊಬ್ಬರು ಹೇಳುವ ಮಾತಿಗೆ ನಾವು ಬೆಲೆ ಕೊಡುತ್ತೇವೆ. ಅವರು ನೋಡಿದ್ದಾರೆ, ನಮ್ಮ ಹಿತ ಬಯಸುತ್ತಾರೆ, ನಾಳೆ ತಪ್ಪಾದರೆ ನಮ್ಮ ಕೈಗೆ ಸಿಗುತ್ತಾರೆ. ಈ ಮೂರು ಗುಣಗಳನ್ನು ಅಪರಿಚಿತರ ನಡುವೆಯೂ ಎಷ್ಟರಮಟ್ಟಿಗೆ ಉಳಿಸಿಕೊಳ್ಳಬಲ್ಲೆವೋ ಅಷ್ಟರಮಟ್ಟಿಗೆ ನಮ್ಮ ತೀರ್ಪು ನಮ್ಮಂಥವರ ಉಪಯೋಗಕ್ಕೆ ಬಂದೀತು. ಇಲ್ಲವಾದರೆ ಅದು ಮಾರುವವರ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಅಂಕೆಯಾಗಿ ಸೇರಿಹೋಗುತ್ತದೆ.